ಪಾರ್ಕಿನ ಕಲ್ಲುಬೆಂಚಿನ ಮೇಲೆ ಹುಲಿ-ಕುರಿ ಆಟದ ಮನೆ ಕೆತ್ತಿಸಿಕೊಡಿ

ತುಮಕೂರು ಮಹಾನಗರ ಪಾಲಿಕೆಯ ಆಯುಕ್ತರಿಗೆ, ಹಾಗೂ ಸಂಜೆ ಹೊತ್ತು ಪಾರ್ಕುಗಳಲ್ಲಿ ಸಿಗುವ ನನ್ನ ಊರಿನವರಿಗೆ,

ಮಾನ್ಯರೇ,

ನಾನು ಇದೇ ಊರಿನಲ್ಲಿ 29 ವರ್ಷ ಪಿಯುಸಿ ಮಕ್ಕಳಿಗೆ ಮನಃಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು. ಕುಡಿಯುವ ನೀರು, ಒಳಚರಂಡಿ, ಬೀದಿನಾಯಿ ಎಂದು ದಿನಾ ನಿಮ್ಮ ಮೇಜಿಗೆ ಬರುವ ಅರ್ಜಿಗಳ ಜೊತೆ ಇದೂ ಒಂದಿರಲಿ ಎಂದು ಬರೆಯುತ್ತಿದ್ದೇನೆ. ವಿಷಯ ಬೇಜಾರು. ಕೆಲಸದ ಹೊರೆಯಿಂದ ಬರುವ ಬೇಜಾರಿನ ಮಾತು ಎಲ್ಲರೂ ಆಡುತ್ತಾರೆ. ನಾನು ಹೇಳಹೊರಟಿರುವುದು ಕೈತುಂಬ ಪುರುಸೊತ್ತು ಇರುವಾಗ ಬರುವ ಬೇಜಾರು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ, ಪರೀಕ್ಷೆ ಮುಗಿದ ಮೂರನೇ ದಿನ, ನಿವೃತ್ತಿಯ ಸನ್ಮಾನದ ಹಾರ ಒಣಗಿದ ಮೇಲೆ ಬರುವಂಥದ್ದು. ಅದಕ್ಕೂ ಪಾಲಿಕೆಗೂ ಏನು ಸಂಬಂಧ ಎಂದು ನಿಮಗೆ ಅನ್ನಿಸಬಹುದು. ಸಂಬಂಧ ಇದೆ.

ನಮ್ಮ ಬಡಾವಣೆಯ ಪಾರ್ಕಿನಿಂದಲೇ ಶುರುಮಾಡುತ್ತೇನೆ. ಅಲ್ಲಿ ನಡುವೆ ಒಂದು ಮಂಟಪ, ಮಂಟಪದೊಳಗೆ ಸಿಮೆಂಟಿನ ಮೇಜು. ಕಳೆದ ವರ್ಷ ನಮ್ಮ ಮನೆಯವರೂ ಅವರ ಜೊತೆಗಾರರು ಮೂವರೂ ಸೇರಿ ಒಂದು ಹಳೇ ಕೇರಂ ಬೋರ್ಡು ತಂದು ಆ ಮೇಜಿನ ಮೇಲೆ ಇಟ್ಟುಕೊಂಡರು. ಮೂರು ವಾರ ನಡೆಯಿತು. ನಾಲ್ಕೂವರೆಗೆ ಹೋದವರು ಬೀದಿದೀಪ ಹತ್ತಿದ ಮೇಲೆಯೇ ಮನೆಗೆ ಬರುತ್ತಿದ್ದುದು. ಬಂದ ಮೇಲೂ ಅದೇ ಮಾತು: ಯಾರು ರೆಡ್ ಹೊಡೆದರು, ಯಾರ ಕೈ ನಡುಗಿತು, ಯಾರು ಸುಳ್ಳು ಲೆಕ್ಕ ಹೇಳಿದರು. ಆಮೇಲೆ ಯಾರೋ ದೂರು ಕೊಟ್ಟಿರಬೇಕು, ಗೇಟಿನ ಹತ್ತಿರ ಬೋರ್ಡು ಬಂತು: ‘ಇಲ್ಲಿ ಆಟ ಆಡುವುದನ್ನು ನಿಷೇಧಿಸಲಾಗಿದೆ.’ ಈಗಲೂ ಅದೇ ನಾಲ್ವರು ಅದೇ ಬೆಂಚಿನ ಮೇಲೆ ಕೂರುತ್ತಾರೆ. ನಾಲ್ಕು ಕೈಯಲ್ಲಿ ನಾಲ್ಕು ಫೋನು. ಐದೂವರೆಗೆಲ್ಲ ಎದ್ದು ಬರುತ್ತಾರೆ. ‘ಹೋಗಿ ಬಂದ್ರಾ?’ ಅಂದರೆ ‘ಹ್ಞೂಂ, ಕೂತಿದ್ದು ಬಂದೆ’ ಅನ್ನುತ್ತಾರೆ. ಆ ‘ಕೂತಿದ್ದು ಬಂದೆ’ ಅನ್ನುವ ಮಾತೇ ಈ ಪತ್ರ ಬರೆಸಿದ್ದು.

ನಮ್ಮ ಭಾಷೆಯಲ್ಲಿ ‘ಬೇಜಾರು’ ಎನ್ನುವ ಒಂದೇ ಪದ ಎಷ್ಟೊಂದು ಕೆಲಸ ಮಾಡುತ್ತದೆ ನೋಡಿ. ಯಾರಾದರೂ ತೀರಿಕೊಂಡರೂ ಬೇಜಾರು, ಬೈಸಿಕೊಂಡರೂ ಬೇಜಾರು, ಮಾಡಲು ಏನೂ ಇಲ್ಲದಿದ್ದರೂ ಬೇಜಾರು. ತರಗತಿಯಲ್ಲಿ ಹುಡುಗಿಯರು ‘ಬೇಜಾರು ಮೇಡಂ’ ಎಂದಾಗ ಯಾವ ಬೇಜಾರು ಎಂದು ನಾನು ಬಿಡಿಸಿ ಕೇಳಬೇಕಾಗುತ್ತಿತ್ತು. ಆದರೆ ಇದೇ ಭಾವಕ್ಕೆ ನಮ್ಮ ಹಿರಿಯರ ಬಾಯಲ್ಲಿ ಇನ್ನೂ ಚೊಕ್ಕವಾದ ಮಾತು ಇದೆ: ‘ಹೊತ್ತು ಹೋಗ್ತಿಲ್ಲ.’ ಹೊತ್ತು ಎದುರಿಗೆ ಬಂದು ನಿಂತಿದೆ, ಹೋಗು ಎಂದರೂ ಹೋಗುತ್ತಿಲ್ಲ. ಕೆನಡಾದ ಮನಃಶಾಸ್ತ್ರಜ್ಞ ಜಾನ್ ಈಸ್ಟ್‌ವುಡ್ ಮತ್ತು ಜೊತೆಗಾರರು 2012ರಲ್ಲಿ ಬೇಸರದ ಬಗ್ಗೆ ಅದುವರೆಗೆ ಬಂದಿದ್ದ ಬರಹಗಳನ್ನೆಲ್ಲ ಜಾಲಾಡಿ ಒಂದು ವಿವರಣೆ ಕೊಟ್ಟರು. ತೃಪ್ತಿ ಕೊಡುವಂಥದ್ದರಲ್ಲಿ ತೊಡಗಬೇಕೆಂಬ ಆಸೆ ಮನಸ್ಸಿಗೆ ಇದೆ, ಆದರೆ ತೊಡಗಲು ಆಗುತ್ತಿಲ್ಲ. ಆ ಸಂಕಟವೇ ಬೇಸರ. ಸೋಮಾರಿಗೆ ಆಸೆಯೇ ಇರುವುದಿಲ್ಲ, ಅವನು ಹಾಯಾಗಿರುತ್ತಾನೆ. ಬೇಜಾರಾದವನಿಗೆ ಆಸೆ ಇದೆ, ಅದನ್ನು ನೇತುಹಾಕಲು ಗೂಟ ಸಿಕ್ಕಿಲ್ಲ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ‘ಕೆಲಸವಿಲ್ಲದವರು’ ಎನ್ನುವುದು ನಮ್ಮ ದೊಡ್ಡ ತಪ್ಪು.

ಗೂಟ ಸಿಗದಿದ್ದರೆ ಮನಸ್ಸು ಏನು ಮಾಡುತ್ತದೆ? ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ತಿಮೊಥಿ ವಿಲ್ಸನ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತಿದ್ದೆ. ಖಾಲಿ ಕೋಣೆಯಲ್ಲಿ ಒಬ್ಬರನ್ನೇ 15 ನಿಮಿಷ ಕೂರಿಸಿದರು. ಫೋನಿಲ್ಲ, ಪುಸ್ತಕವಿಲ್ಲ. ಕೈಗೆ ಸಿಗುವ ಹಾಗೆ ಒಂದು ಗುಂಡಿ ಇತ್ತು, ಒತ್ತಿದರೆ ಮೈಗೆ ಕರೆಂಟ್ ಹೊಡೆಯುತ್ತದೆ. ಆ ಹೊಡೆತ ಹೇಗಿರುತ್ತದೆಂದು ಅವರಿಗೆ ಮೊದಲೇ ತೋರಿಸಿದ್ದರು; ದುಡ್ಡು ಕೊಟ್ಟಾದರೂ ಇದನ್ನು ತಪ್ಪಿಸಿಕೊಳ್ಳುತ್ತೇವೆ ಎಂದಿದ್ದವರೇ ಅವರೆಲ್ಲ. ಆದರೂ 18 ಗಂಡಸರಲ್ಲಿ 12 ಮಂದಿ, 24 ಹೆಂಗಸರಲ್ಲಿ 6 ಮಂದಿ ಆ ಕಾಲು ಗಂಟೆಯೊಳಗೆ ತಾವಾಗಿಯೇ ಗುಂಡಿ ಒತ್ತಿ ಹೊಡೆಸಿಕೊಂಡರು. ಮಕ್ಕಳು ನಗುತ್ತಿದ್ದರು. ‘ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದ’ ಎಂಬ ಗಾದೆಯನ್ನು ಆ ವಿಜ್ಞಾನಿಗಳು ಅಳತೆ ಹಿಡಿದು ತೋರಿಸಿದ್ದಾರೆ, ಅಷ್ಟೇ. ಗಾದೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಆ ಬಡಗಿಯ ಕೈಯಲ್ಲಿ ಉಳಿ ಇತ್ತು ಎನ್ನುವುದು. ಕಸುಬು ಬಲ್ಲ ಕೈ ಅದು. ಮರ ಸಿಗಲಿಲ್ಲ.

ಕಸುಬು ಬಲ್ಲ ಕೈಗಳ ವಿಚಾರ ನನಗೆ ಮನೆಯದೇ. ನಮ್ಮ ಮನೆಯವರು ಇಲ್ಲಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಜೋಡಣೆ ವಿಭಾಗದಲ್ಲಿದ್ದವರು. ಕಣ್ಣಿಗೆ ಭೂತಗಾಜು, ಕೈಯಲ್ಲಿ ಚಿಮಟ. ಕೂದಲೆಳೆಯಂಥ ಸ್ಪ್ರಿಂಗನ್ನು ಅದರ ಜಾಗದಲ್ಲಿ ಕೂರಿಸುವಾಗ ಉಸಿರು ಹಿಡಿದುಕೊಳ್ಳಬೇಕು ಎನ್ನುತ್ತಿದ್ದರು. ಕಾರ್ಖಾನೆ ಮುಚ್ಚುವ ಎಷ್ಟೋ ವರ್ಷ ಮೊದಲೇ ಸ್ವಯಂನಿವೃತ್ತಿ ತೆಗೆದುಕೊಂಡರು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿತು. ಆ ಜಾಗ ಈಗ ಇಸ್ರೋ ಕೈಯಲ್ಲಿದೆ. ನಾನು ಹೇಳಬೇಕೆಂದಿರುವುದು ಕಾರ್ಖಾನೆಯ ಕತೆಯಲ್ಲ. ಮನೆಯಲ್ಲಿ ಕೂತ ಮೇಲಿನ ಮೊದಲ ವರ್ಷದ ಕತೆ. ಬೆಳಿಗ್ಗೆ ಕಾಫಿ ಕುಡಿದು ಲೋಟ ಕೆಳಗಿಡುವ ಮೊದಲೇ ಕೈಗಡಿಯಾರಕ್ಕೆ ಕೀಲಿ ಕೊಡುವುದು ಅವರ ಅಭ್ಯಾಸ. ಒಂದು ದಿನ ಟಿವಿ ಮೇಲಿನ ಧೂಳು ಒರೆಸುವಾಗ ನೋಡುತ್ತೇನೆ, ಆ ವಾಚು ಅಲ್ಲಿ ಬಿದ್ದಿದೆ, ನಾಲ್ಕು ಹತ್ತಕ್ಕೆ ನಿಂತಿದೆ. ‘ರೀ, ಕೀಲಿ ಕೊಡೋದು ಮರೆತ್ರಾ?’ ಎಂದೆ. ‘ಕೊಟ್ಟು ಏನ್ ಮಾಡ್ಲಿ?’ ಎಂದರು. ಸಿಟ್ಟಿಲ್ಲ, ಅಳುವಿಲ್ಲ, ಪೇಪರಿನಿಂದ ತಲೆ ಎತ್ತಲೂ ಇಲ್ಲ.

ನನಗೆ ಎದೆ ಧಸಕ್ಕೆಂದಿತು, ಏಕೆಂದರೆ ಇದನ್ನು ನಾನು ಓದಿದ್ದೆ. ಆಸ್ಟ್ರಿಯಾದ ವಿಯೆನ್ನಾ ಹತ್ತಿರ ಮರಿಯೆಂತಾಲ್ ಎಂಬ ಊರು. ಊರಿಗೆಲ್ಲ ಒಂದೇ ಬಟ್ಟೆ ಕಾರ್ಖಾನೆ. 1929–30ರಲ್ಲಿ ಅದು ಮುಚ್ಚಿತು. ಮರಿ ಯಹೋಡಾ, ಪಾಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಜೈಸೆಲ್ ಎಂಬ ಸಂಶೋಧಕರು ಅಲ್ಲಿಗೆ ಹೋಗಿ ನೋಡಿ 1933ರಲ್ಲಿ ವರದಿ ಪ್ರಕಟಿಸಿದರು. ಬೇಕಾದಷ್ಟು ಸಮಯ ಸಿಕ್ಕಿದ್ದರಿಂದ ಜನ ಹೆಚ್ಚು ಓದುತ್ತಾರೆ, ಸಂಘ-ಸಂಸ್ಥೆಗಳಲ್ಲಿ ಓಡಾಡುತ್ತಾರೆ ಎಂದು ಯಾರಾದರೂ ಅಂದುಕೊಳ್ಳುವುದೇ. ಆದದ್ದು ಬೇರೆ. ಊರ ಗ್ರಂಥಾಲಯದಲ್ಲಿ ಶುಲ್ಕ ತೆಗೆದುಹಾಕಿದ್ದರೂ ಪುಸ್ತಕ ಒಯ್ಯುವುದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಬೀದಿಯಲ್ಲಿ ಗಂಡಸರ ನಡಿಗೆ ನಿಧಾನವಾಯಿತು. ಎಷ್ಟೋ ಗಂಡಸರು ಗಡಿಯಾರ ಇಟ್ಟುಕೊಳ್ಳುವುದನ್ನೇ ಬಿಟ್ಟರು. ಇಡೀ ದಿನ ಏನು ಮಾಡಿದೆ ಎಂದು ಬರೆದುಕೊಡಲು ಕೇಳಿದರೆ ಒಬ್ಬ ಬರೆದ: ‘ಅಷ್ಟರಲ್ಲಿ ಮಧ್ಯಾಹ್ನವಾಗುತ್ತದೆ.’ ಈ ಸಾಲನ್ನು ಮಕ್ಕಳಿಗೆ ಓದಿ ಹೇಳುವಾಗ ಟಿವಿ ಮೇಲಿನ ಆ ವಾಚು ನನ್ನ ಕಣ್ಣ ಮುಂದೆ ಬರುತ್ತಿತ್ತು.

ಅದೇ ವರದಿಯಲ್ಲಿ ಇನ್ನೊಂದು ಮಾತಿದೆ. ಮರಿಯೆಂತಾಲಿನ ಹೆಂಗಸರ ನಡಿಗೆ ಗಂಡಸರಷ್ಟು ನಿಧಾನವಾಗಲಿಲ್ಲ. ಅವರಿಗೆ ಒಲೆ ಇತ್ತು, ಬಟ್ಟೆ ಇತ್ತು, ಮಕ್ಕಳಿದ್ದರು. ಕೂಲಿ ನಿಂತರೂ ಕೆಲಸ ನಿಲ್ಲಲಿಲ್ಲ. ಇದನ್ನು ಹೆಂಗಸರ ಭಾಗ್ಯ ಎಂದು ನಾನು ಹೇಳುವುದಿಲ್ಲ. ನಮಗೆ ಬೇಜಾರು ಬರುವುದು ಕೈ ಖಾಲಿ ಇದ್ದಾಗಲ್ಲ, ಕೈ ತುಂಬಿ ಮನಸ್ಸು ಖಾಲಿ ಇದ್ದಾಗ. ಅದರ ಮಾತು ಮುಂದೆ ಹೇಳುತ್ತೇನೆ.

ಈಗಿನವರಿಗೆ ಫೋನ್ ಇದೆಯಲ್ಲ, ಬೇಜಾರೆಲ್ಲಿ ಎನ್ನುತ್ತಾರೆ. ಬೇಸಿಗೆ ರಜೆಗೆ ಬೆಂಗಳೂರಿನಿಂದ ಬಂದ ಮೊಮ್ಮಗನನ್ನು ಪಕ್ಕದಲ್ಲಿ ಕೂತು ಗಮನಿಸಿದೆ. ಹೆಬ್ಬೆರಳು ಕೆಳಗಿನಿಂದ ಮೇಲಕ್ಕೆ, ಮತ್ತೆ ಕೆಳಗಿನಿಂದ ಮೇಲಕ್ಕೆ. ಐದು ನಿಮಿಷಕ್ಕೆ ನಾನು ಎಣಿಸಿದ್ದು 43 ಸಲ. ನಾಯಿಮರಿ, ಕ್ರಿಕೆಟ್, ಯಾರದೋ ಮದುವೆ, ಯಾರೋ ಬಿದ್ದದ್ದು. ಮುಖದಲ್ಲಿ ನಗುವಿಲ್ಲ. ಕೊನೆಗೆ ಫೋನನ್ನು ಸೋಫಾ ಮೇಲೆ ಎಸೆದು ‘ಬೋರು ಅಜ್ಜಿ’ ಎಂದ. ಟೊರಾಂಟೊದ ಕೇಟಿ ಟ್ಯಾಮ್ ಮತ್ತು ಮೈಕೆಲ್ ಇನ್ಜ್‌ಲಿಕ್ಟ್ 2024ರಲ್ಲಿ ಪ್ರಕಟಿಸಿದ ಸಂಶೋಧನೆ ಇದನ್ನೇ ಹೇಳುತ್ತದೆ. 1,200ಕ್ಕೂ ಹೆಚ್ಚು ಜನರ ಮೇಲೆ 7 ಪ್ರಯೋಗ ನಡೆಸಿದರು. ಒಂದು ವಿಡಿಯೊದಿಂದ ಇನ್ನೊಂದಕ್ಕೆ ಹಾರಲು ಬಿಟ್ಟರೆ ಬೇಜಾರು ಕಡಿಮೆಯಾಗುತ್ತದೆ ಎಂದೇ ಜನ ನಂಬಿದ್ದರು. ಹಾರಿದವರಿಗೇ ಬೇಜಾರು ಜಾಸ್ತಿಯಾಯಿತು. ಒಂದನ್ನೇ ಕೂತು ನೋಡಿದವರಿಗೆ ಕಡಿಮೆ. ಬೇಜಾರು ಕಳೆಯಲು ಮಾಡುವ ಕೆಲಸವೇ ಬೇಜಾರು ತರುತ್ತಿದೆ, ನಾವು ಮತ್ತೆ ಅದನ್ನೇ ಮಾಡುತ್ತಿದ್ದೇವೆ.

ಅವತ್ತೇ ಸಂಜೆ ಚೇಳೂರು ಕಡೆಯಿಂದ ನೆಂಟರು ಒಂದು ಹಲಸಿನಹಣ್ಣು ತಂದಿಟ್ಟರು. ಕೈಗೆ ಎಣ್ಣೆ ಹಚ್ಚಿಕೊಟ್ಟು ಆ ಹುಡುಗನನ್ನು ಪೇಪರ್ ಹಾಸಿ ಕೂರಿಸಿದೆ. ಮೊದಮೊದಲು ಮೂಗು ಮುರಿದ. ಅಂಟು ಎಲ್ಲಿಂದ ಬರುತ್ತದೆ, ಗೂಂಜನ್ನು ಹೇಗೆ ಕತ್ತರಿಸಿದರೆ ತೊಳೆ ಹರಿಯದೆ ಬರುತ್ತದೆ ಎಂದು ಕೈಗೆ ಗೊತ್ತಾಗುತ್ತಾ ಹೋಯಿತು. ಒಂದು ಗಂಟೆಯ ಮೇಲೆ ಕೂತಿದ್ದ. ತೊಳೆಗಳನ್ನು ಎಣಿಸಿ ತಟ್ಟೆಗೆ ಜೋಡಿಸಿ ತಾತನಿಗೆ ಒಯ್ದು ತೋರಿಸಿದ. ಬೋರು ಎಂಬ ಪದ ಬಾಯಿಗೆ ಬರಲಿಲ್ಲ.

ಮಿಹಾಯ್ ಚಿಕ್‌ಸೆಂಟ್‌ಮಿಹಾಯಿ ಎಂಬ ಮನಃಶಾಸ್ತ್ರಜ್ಞ ಇದನ್ನು ಬದುಕಿಡೀ ಅಧ್ಯಯನ ಮಾಡಿದವರು. ನಮ್ಮ ಕೈಲಾಗುವಷ್ಟೇ ಕಷ್ಟದ ಕೆಲಸ ಎದುರಿಗಿದ್ದಾಗ ಮನಸ್ಸು ಅದರಲ್ಲಿ ಹೊಕ್ಕು ಹೊತ್ತು ಹೋದದ್ದೇ ತಿಳಿಯುವುದಿಲ್ಲ ಎಂದರು. ತೀರಾ ಸುಲಭವಾದರೆ ಬೇಜಾರು, ತೀರಾ ಕಷ್ಟವಾದರೆ ಗಾಬರಿ. ಅವರೂ ಜೂಡಿತ್ ಲೆಫೆವರ್ ಅವರೂ 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲಸಗಾರರಿಗೆ ಪೇಜರ್ ಕೊಟ್ಟು, ಅದು ಬಡಿದುಕೊಂಡಾಗಲೆಲ್ಲ ಏನು ಮಾಡುತ್ತಿದ್ದೀರಿ, ಹೇಗನ್ನಿಸುತ್ತಿದೆ ಎಂದು ಬರೆಸಿದರು. ಹಾಗೆ ಮುಳುಗಿಹೋದ ಗಳಿಗೆಗಳು ಬಿಡುವಿನ ಹೊತ್ತಿಗಿಂತ ಕೆಲಸದಲ್ಲೇ ಹೆಚ್ಚು ಸಿಕ್ಕಿದ್ದವು. ಆದರೂ ಕೆಲಸದಲ್ಲಿದ್ದಾಗ ಬಿಡುವು ಬೇಕು ಎಂದೇ ಅವರು ಬಯಸುತ್ತಿದ್ದರು! ಬಿಡುವು ಬೇಡ ಎಂದು ನಾನು ಇದರಿಂದ ಅರ್ಥ ಮಾಡಿಕೊಳ್ಳುವುದಿಲ್ಲ. ಕೆಲಸಕ್ಕೆ ಗೊತ್ತು-ಗುರಿ, ಜೊತೆಗಾರರು, ಮೇಜು, ಹತಾರ ಎಲ್ಲವನ್ನೂ ಯಾರೋ ಮೊದಲೇ ಅಣಿಮಾಡಿ ಇಟ್ಟಿರುತ್ತಾರೆ. ಬಿಡುವಿಗೆ ಅವನ್ನು ಅಣಿಮಾಡಿಕೊಡುವವರು ಯಾರು? ಇಲ್ಲಿಗೇ ಆಯುಕ್ತರೇ, ನಿಮ್ಮ ಮೇಜು ಬರುತ್ತದೆ.

ಮಕ್ಕಳಿಗೆ ಸ್ವಲ್ಪ ಬೇಜಾರಾಗಲಿ ಬಿಡಿ, ಅದರಿಂದ ಹೊಸ ಯೋಚನೆ ಹುಟ್ಟುತ್ತದೆ ಎನ್ನುವವರೂ ಇದ್ದಾರೆ. ಇಂಗ್ಲೆಂಡಿನ ಸ್ಯಾಂಡಿ ಮನ್ ಮತ್ತು ರೆಬೆಕಾ ಕ್ಯಾಡ್‌ಮನ್ ಅವರ 2014ರ ಪ್ರಯೋಗವನ್ನು ಮುಂದಿಡುತ್ತಾರೆ: ಫೋನ್ ನಂಬರುಗಳನ್ನು ನಕಲು ಮಾಡಿಸಿ ಯಾರಿಗೆ ಬೇಜಾರು ಹುಟ್ಟಿಸಿದ್ದರೋ ಅವರು, ಆಮೇಲೆ ಪ್ಲಾಸ್ಟಿಕ್ ಲೋಟವನ್ನು ಯಾವುದಕ್ಕೆಲ್ಲ ಬಳಸಬಹುದು ಎಂದು ಕೇಳಿದರೆ ಹೆಚ್ಚು ಉಪಾಯ ಹೇಳಿದರು. ನಿಜ. ಆದರೆ ಬೇಜಾರಾದ ಮೇಲೆ ಅವರ ಮುಂದೆ ಲೋಟ ಇಟ್ಟಿದ್ದರು. ನಾವು ಬೇಜಾರು ಮಾತ್ರ ಇಡುತ್ತಿದ್ದೇವೆ.

2016ರಲ್ಲಿ ನಮ್ಮ ಊರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ಅಮಾನಿಕೆರೆ ಏರಿಯ ಮೇಲೆ ಬೆಳಿಗ್ಗೆ ನಡೆಯುವಾಗ ನನಗೂ ಹೆಮ್ಮೆಯಾಗುತ್ತದೆ. ಆದರೆ ನಮ್ಮಲ್ಲಿ ಪಾರ್ಕು ಎಂದರೆ ನಡೆಯುವುದಕ್ಕೆ, ಕೂರುವುದಕ್ಕೆ, ನೋಡುವುದಕ್ಕೆ. ಈ ಮೂರೂ ಒಳ್ಳೆಯವೇ. ಸುಮ್ಮನೆ ಕೂರಬೇಕೆಂದು ತಾನಾಗಿ ಬಂದು ಕೂತವರಿಗೆ ಬೆಂಚು ಸಾಕು. ಅವರ ನೆಮ್ಮದಿಯನ್ನು ಯಾರೂ ಕದಡಬೇಕಾಗಿಲ್ಲ. ನಾನು ಕೇಳುತ್ತಿರುವುದು ಕೂತೂ ಕೂತೂ ಸಾಕಾದವರ ಪರವಾಗಿ.

ಹಳೇ ಗುಡಿಗಳ ಜಗಲಿ ಹತ್ತಿ ಕಾಲ ಕೆಳಗೆ ನೋಡಿದ್ದೀರಾ? ಹಾಸುಗಲ್ಲಿನ ಮೇಲೆ ಗೆರೆ ಕೊರೆದಿರುತ್ತಾರೆ. ಒಂದು ಕಡೆ ಚೌಕಾಬಾರದ ಮನೆ, ಇನ್ನೊಂದು ಕಡೆ ಹುಲಿ-ಕುರಿ ಆಟದ ಮುಮ್ಮೂಲೆ. ಸಾಲಾಗಿ ಕುಳಿ ತೋಡಿದ್ದರೆ ಅದು ಅಳುಗುಳಿ. ಜನ ಎಲ್ಲಿ ಕಾಯುತ್ತಾರೋ, ಎಲ್ಲಿ ತಂಪಿಗೆ ಕೂರುತ್ತಾರೋ ಅಲ್ಲೇ ಕಲ್ಲಿನಲ್ಲಿ ಆಟ ಇಟ್ಟರು ನಮ್ಮ ಹಿಂದಿನವರು. ಮನಃಶಾಸ್ತ್ರದ ಪಠ್ಯ ಅವರ ಹತ್ತಿರ ಇರಲಿಲ್ಲ, ಮನುಷ್ಯನನ್ನು ಬಲ್ಲವರಾಗಿದ್ದರು. ಹುಲಿ-ಕುರಿಯನ್ನೇ ತೆಗೆದುಕೊಳ್ಳಿ. 3 ಹುಲಿ, 15 ಕುರಿ. ಹುಲಿ ಹಾರಿ ಕುರಿ ತಿನ್ನಬೇಕು, ಕುರಿಗಳು ಒಗ್ಗಟ್ಟಾಗಿ ಹುಲಿಯನ್ನು ಕಟ್ಟಿಹಾಕಬೇಕು. ಎಂಟು ವರ್ಷದ ಮಗು ಹತ್ತು ನಿಮಿಷದಲ್ಲಿ ಕಲಿಯುತ್ತದೆ, ಎಪ್ಪತ್ತರ ಮುದುಕರಿಗೂ ಪ್ರತಿ ಸಲ ಹೊಸದು. ಎದುರಾಳಿ ಜೋರಾದ ಹಾಗೆ ಆಟವೂ ಜೋರಾಗುತ್ತದೆ. ಚಿಕ್‌ಸೆಂಟ್‌ಮಿಹಾಯಿ ಹೇಳಿದ ಅಳತೆ ಆ ಕಲ್ಲಿನಲ್ಲಿ ತಾನಾಗಿಯೇ ಇದೆ. ಚೌಕಾಬಾರಕ್ಕೆ ನಾಲ್ಕು ಕವಡೆ ಸಾಕು. ಇಲ್ಲವೆಂದರೆ ಹುಣಸೆ ಬೀಜವನ್ನು ಕಲ್ಲಿಗೆ ಉಜ್ಜಿ ಒಂದು ಮಗ್ಗುಲು ಬೆಳ್ಳಗೆ ಮಾಡಿಕೊಂಡರೆ ಆಯಿತು. ನಾಲ್ಕೂ ಅಂಗಾತ ಬಿದ್ದರೆ ಚೌಕ, ಅಂದರೆ ನಾಲ್ಕು; ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ ಎಂಟು.

ಇಸ್ಪೀಟು, ಅಂದರ್-ಬಾಹರ್ ಶುರುವಾಗುತ್ತದೆ ಎಂಬ ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಆ ಭಯ ಸುಳ್ಳಲ್ಲ. ನನ್ನ ಹಳೇ ವಿದ್ಯಾರ್ಥಿಯೊಬ್ಬ ಫೋನಿನಲ್ಲೇ ದುಡ್ಡು ಕಟ್ಟಿ ಆಡಿ, ತಂದೆಯ ಅಡಿಕೆ ಮಾರಿದ ದುಡ್ಡು ಕಳೆದುಕೊಂಡು ನನ್ನ ಮುಂದೆ ಕೂತು ಅತ್ತಿದ್ದಾನೆ. ‘ಯಾಕಪ್ಪ ಶುರು ಮಾಡಿದೆ?’ ಎಂದರೆ ಅವನು ಆಸೆ ಎನ್ನಲಿಲ್ಲ, ‘ಟೈಮ್ ಪಾಸ್‌ಗೆ ಮೇಡಂ’ ಎಂದ. ಬೇಸರಕ್ಕೂ ಜೂಜಿಗೂ ನಂಟು ಇದೆ ಎಂದು ಸಂಶೋಧನೆಗಳೂ ಹೇಳುತ್ತವೆ. ಪಾರ್ಕಿನಿಂದ ಕೇರಂ ಬೋರ್ಡು ಎತ್ತಿಸಿದರೆ ಜೂಜು ನಿಲ್ಲುವುದಿಲ್ಲ, ಜೇಬಿನೊಳಗೆ ಹೋಗಿ ಕೂರುತ್ತದೆ. ನಾಲ್ಕು ಜನ ಓಡಾಡುವ ಬಯಲಿನಲ್ಲಿ, ಹೆಂಗಸರು ಮಕ್ಕಳು ನೋಡುತ್ತಿರುವಾಗ ಆಡುವ ಆಟವೇ ಕಾವಲಿಗೆ ಸುಲಭ. ‘ಹಣ ಕಟ್ಟಿ ಆಡಬಾರದು’ ಎಂದು ಬೋರ್ಡು ಹಾಕಿಸಿ, ನಾನೇ ಮೊದಲು ಕೈ ಜೋಡಿಸುತ್ತೇನೆ. ‘ಆಟ ಆಡಬಾರದು’ ಎಂದು ಮಾತ್ರ ಹಾಕಿಸಬೇಡಿ.

ಹೆಂಗಸರ ಮಾತು ಹೇಳುತ್ತೇನೆ ಎಂದಿದ್ದೆ. ನಾನು ಚಿಕ್ಕವಳಿದ್ದಾಗ ಹುಣಸೆ ಸುಗ್ಗಿ ಬಂತೆಂದರೆ ಮಧ್ಯಾಹ್ನ ನಮ್ಮ ಬೀದಿಯ ಜಗಲಿಗಳೆಲ್ಲ ತುಂಬುತ್ತಿದ್ದವು. ಓಡು ತೆಗೆದು, ನಾರು ಬಿಡಿಸಿ, ಕಲ್ಲಿನ ಮೇಲಿಟ್ಟು ಕುಟ್ಟಿ ಬೀಜ ತೆಗೆಯುವುದು. ಅದೇ ಕೆಲಸವನ್ನು ಒಬ್ಬಳೇ ಅಡುಗೆಮನೆಯಲ್ಲಿ ಕೂತು ಮಾಡಿದರೆ ಬೇಜಾರೇ ಬೇಜಾರು. ಜಗಲಿಯ ಮೇಲೆ ಕೂತರೆ ಕೈ ತನ್ನ ಪಾಡಿಗೆ ಕುಟ್ಟುತ್ತಿರುತ್ತದೆ, ಬಾಯಿ ಬೇರೆ ಊರಿನಲ್ಲಿರುತ್ತದೆ. ಈಗ ಜಗಲಿ ಹೋಗಿ ಕಾಂಪೌಂಡ್ ಗೋಡೆ ಬಂತು, ಗೋಡೆಯೊಳಗೆ ಕಾರು ನಿಂತಿತು. ಮಧ್ಯಾಹ್ನ ಮೂರರಿಂದ ಐದರವರೆಗೆ ನಮ್ಮ ಬಡಾವಣೆಯ ಹೆಂಗಸರು ಒಬ್ಬೊಬ್ಬರೇ ಒಂದೊಂದು ಧಾರಾವಾಹಿ ಹಾಕಿಕೊಂಡು ಕೂತಿರುತ್ತಾರೆ, ಅದನ್ನು ನೋಡುತ್ತಲೂ ಇರುವುದಿಲ್ಲ. ಗಂಡಸರು ತುಂಬಿರುವ ಪಾರ್ಕಿಗೆ ಆ ಹೊತ್ತಿನಲ್ಲಿ ಹೋಗಿ ಕೂರಲು ನಮಗೆ ಸಂಕೋಚ. ಅದಕ್ಕೇ ಕೆಲವು ಬಡಾವಣೆಗಳಲ್ಲಾದರೂ, ಅಂಗನವಾಡಿಯ ಪಕ್ಕದಲ್ಲೋ ಹೊಂಗೆಮರದ ಬುಡದಲ್ಲೋ, ನೆರಳಿರುವ ಕಡೆ ಒಂದು ಉದ್ದನೆಯ ಕಲ್ಲು ಜಗಲಿ ಕಟ್ಟಿಸಿ. ಹೂ ಕಟ್ಟುವವರು ಹೂ ತರುತ್ತಾರೆ, ಅವರೆಕಾಳು ಹಿದುಕುವವರು ಅವರೆಕಾಯಿ ತರುತ್ತಾರೆ. ಬೇರೇನೂ ಬೇಕಾಗಿಲ್ಲ.

ಒಟ್ಟು ನನ್ನ ಬೇಡಿಕೆ ದೊಡ್ಡದಲ್ಲ. ಹೊಸ ಕಟ್ಟಡ ಬೇಡ, ಉದ್ಘಾಟನೆ ಬೇಡ. ಈಗಾಗಲೇ ಇರುವ ಕಲ್ಲುಬೆಂಚುಗಳಲ್ಲಿ ಪಾರ್ಕಿಗೆ ಎರಡರಂತೆ ಆರಿಸಿ, ಬೆಂಚಿನ ನಡುಭಾಗದಲ್ಲಿ ಒಂದಕ್ಕೆ ಹುಲಿ-ಕುರಿ, ಒಂದಕ್ಕೆ ಚೌಕಾಬಾರ ಕೆತ್ತಿಸಿ. ಆಚೆ ಈಚೆ ಒಬ್ಬೊಬ್ಬರು ಕೂತರೆ ಆಟ ಶುರು. ಮೊದಲು ಒಂದೇ ಪಾರ್ಕಿನಲ್ಲಿ ಮಾಡಿಸಿ, ಮೂರು ತಿಂಗಳು ನೋಡಿ. ಗಲಾಟೆಯಾದರೆ ಸಿಮೆಂಟು ಮೆತ್ತಿಸಿಬಿಡಿ, ನಾನು ಮತ್ತೆ ಬರೆಯುವುದಿಲ್ಲ.

ಈ ಪತ್ರವನ್ನು ನಮ್ಮ ಮನೆಯವರಿಗೆ ಓದಿ ಹೇಳಿದೆ. ವಾಚಿನ ವಿಷಯ ಬರೆದದ್ದಕ್ಕೆ ಏನೂ ಅನ್ನಲಿಲ್ಲ. ಊಟವಾದ ಮೇಲೆ ಸ್ಕೇಲು, ಪೆನ್ಸಿಲು, ಮೊಮ್ಮಗನ ಗ್ರಾಫ್ ಹಾಳೆ ಹಿಡಿದು ಕೂತರು, ರಾತ್ರಿ ಹನ್ನೊಂದಾದರೂ ಏಳಲಿಲ್ಲ. ಎರಡೂ ಮನೆಗಳ ಅಳತೆ ಹಾಕಿಕೊಟ್ಟಿದ್ದಾರೆ, ಹಾಳೆ ಜೊತೆಗಿಟ್ಟಿದ್ದೇನೆ. ಗೆರೆ 3 ಮಿಲಿಮೀಟರಿಗಿಂತ ಆಳ ಬೇಡವಂತೆ, ಧೂಳು ಕೂರುತ್ತದೆ. ಮಳೆನೀರು ಹರಿದುಹೋಗಲು ಒಂದು ಗೆರೆಯನ್ನು ಬೆಂಚಿನ ಅಂಚಿನವರೆಗೂ ಎಳೆಯಬೇಕಂತೆ. ಕಲ್ಲುಕುಟಿಗರು ಕೆಲಸ ಮಾಡುವ ದಿನ ತಾವೂ ಬಂದು ನಿಲ್ಲುತ್ತಾರಂತೆ. ಕಾಯಿಗಳ ಖರ್ಚು ಪಾಲಿಕೆಗೆ ಬೇಡ, ಹುಣಸೆ ಬೀಜ ನಮ್ಮ ಮನೆಯಲ್ಲಿ ಒಂದು ಡಬ್ಬ ತುಂಬ ಇದೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಮನಃಶಾಸ್ತ್ರ ಉಪನ್ಯಾಸಕಿ
ತುಮಕೂರು